ರಜಾಯಿಯಡಿಯ ನದಿ

ಬಾಗಿಲು ಬಡಿದವರಿಗೆ ಬೇಕಾಗಿದ್ದುದು ಬರೀ ಒಂದು ಬೀಗದ ಕೈ, ಮ್ಯೂಸಿಯಂನ ಉಗ್ರಾಣದ್ದು. ಅಲ್ಲೇ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ತನಗೆ ಬಂದ ಮಾತೊಂದು ರೈಸಾ ಪೆಟ್ರಿವ್ನಾಳ ಬಾಯಿಂದ ಜಾರಿಯೇಬಿಟ್ಟಿತು.

"ಹೊಸ್ತಿಲ ಆಚೆ ಈಚೆ ನಿಂತು ಏನೂ ಕೊಡಬಾರ್ದಪ್ಪಾ, ಕೇಡಾಗುತ್ತೆ. ಒಳಗೆ ಬನ್ನಿ."

ಬಂದರು. ಮುಂದೆ ರಷ್ಯದ ಸೇನಾಧಿಕಾರಿ, ಅವನ ಬೆನ್ನಿಗೆ ಕೋವಿ ಹೊತ್ತ ಸಿಪಾಯಿ, ಕೊನೆಯಲ್ಲಿ ನೆಲ್ಯಾ. ನಿಪ್ರೊ ನದಿಯ ದಂಡೆಯ ಈ ಊರನ್ನು ಹಿಡಿದ ರಷ್ಯನ್ನರು ಮ್ಯೂಸಿಯಂಗೆ ಕೂರಿಸಿದ ಹೊಸ ನಿರ್ದೇಶಕಿ ಅವಳು. ಅದಕ್ಕೆ ಮುಂಚೆ ಅಲ್ಲೇ ರೈಸಾಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು. ಒಂದೇ ಜಾಡಿಯ ಉಪ್ಪಿನ ಸೌತೆ ಹಂಚಿಕೊಂಡು ತಿಂದವಳು. ಈಗ ಸೇನೆ ಊರು ಬಿಡುತ್ತಿತ್ತು, ಬಿಡುವ ಮುನ್ನ ಮ್ಯೂಸಿಯಂನ ಗೋಡೆಗಳನ್ನು ಬೋಳಿಸುತ್ತಿತ್ತು. ಕೆಳಗೆ ಬೀದಿಯಲ್ಲಿ ಲಾರಿ ಗುರುಗುಟ್ಟುತ್ತಿತ್ತು.

ನಾನೇನು ಮಾಡಿಬಿಟ್ಟೆ ಎಂದು ರೈಸಾ ಮಂಚದತ್ತ ಕಳ್ಳನೋಟ ಹಾಯಿಸಿದಳು. ಯುದ್ಧ ಶುರುವಾದ ವಾರವೇ ಅವಳು ಮ್ಯೂಸಿಯಂನಿಂದ ಒಂದು ಚಿತ್ರವನ್ನು ಯಾರ ಕೈಗೂ ಸಿಗದಿರಲೆಂದು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದಿದ್ದಳು. ಚಿತ್ರದಲ್ಲಿ, ವಸಂತಕ್ಕೆ ಉಕ್ಕಿ ಹೊಲಕ್ಕೆ ನುಗ್ಗಿದ ನಿಪ್ರೊ, ಸೊಂಟದವರೆಗೆ ನೀರಲ್ಲಿ ನಿಂತ ವಿಲೋ ಮರಗಳು, ಕಟ್ಟಿಹಾಕಿದ ಒಂದು ದೋಣಿ. ಮನುಷ್ಯರ ಸುಳಿವಿಲ್ಲ. ಹಾಸಿಗೆಯನ್ನು ಕೆಳಗಿಳಿಸಿ, ಚಿತ್ರವನ್ನು ಮಂಚದ ಹಲಗೆಯ ಮೇಲೆ ಮಲಗಿಸಿ ಮೇಲೊಂದು ರಜಾಯಿ ಹೊದಿಸಿದ್ದಳು. ಅಂದಿನಿಂದ ಮಂಚ ನದಿಗೆ, ನೆಲ ರೈಸಾಳಿಗೆ.

ಅವಳು ಬೀಗದ ಕೈ ಕೊಟ್ಟಳು. ಅಧಿಕಾರಿ ಅದನ್ನು ಜೇಬಿಗಿಳಿಸಿ ಕುರ್ಚಿ ಎಳೆದ.

"ಒಳಗೆ ಕರೆದಿದೀಯಮ್ಮ, ಒಂದು ಗಳಿಗೆ ಕೂತೇ ಹೋಗೋಣ. ದೂರದ ದಾರಿ. ಕೂರದೆ ಹೊರಟರೆ ನಮ್ಮಲ್ಲೂ ಒಳ್ಳೇದಲ್ಲ."

ಇನ್ನೊಂದು ಕುರ್ಚಿಯಲ್ಲಿ ನೆಲ್ಯಾ ಕೂತಳು. ಮೂರನೆಯದು ಇರಲಿಲ್ಲ. ಸಿಪಾಯಿ ಭಾರಿ ಆಳು, ಸೊಂಟದಲ್ಲಿ ಗುಂಡಿನ ಪಟ್ಟಿ. ಮಂಚದತ್ತ ತಿರುಗಿ ಮೊಣಕಾಲು ಬಗ್ಗಿಸಿದ.

"ಅಲ್ಲಿ ಬೇಡ!" ರೈಸಾಳ ದನಿ ಕೀರಲಾಯಿತು. "ತಿಗಣೆ ಇವೆ. ತುಂಬಾ."

ಸಿಪಾಯಿ ಚಂಗನೆ ನೆಗೆದು ಪ್ಯಾಂಟು ಕೊಡವಿಕೊಂಡ. ಅಧಿಕಾರಿ ನಕ್ಕ. "ಫಿರಂಗಿಗೆ ಹೆದರದ ಗಂಡು, ತಿಗಣೆಗೆ ಕುಣೀತಾನೆ ನೋಡು!"

ಉಳಿಯಿತು ಎಂದುಕೊಂಡಳು ರೈಸಾ. ಅಷ್ಟರಲ್ಲಿ ನೆಲ್ಯಾಳೂ ನಕ್ಕಳು, ಹಿಂದಿನ ಸಲಿಗೆಯಲ್ಲೇ.

"ರೈಸಾ ಪೆಟ್ರಿವ್ನಾ ಮನೇಲಿ ತಿಗಣೆಯಾ! ಬಾಗಿಲ ಹಿಡಿಗೂ ಸ್ಪಿರಿಟ್ ಹಾಕಿ ಒರೆಸೋರು ಇವರು. ತಿಗಣೆ ಬಂದ್ರೂ ಕಾಲು ತೊಳ್ಕೊಂಡೇ ಬರ್ಬೇಕು."

ತಮಾಷೆ ಅರ್ಧಕ್ಕೇ ನಿಂತಿತು. ಅಧಿಕಾರಿ ನಗುತ್ತಿರಲಿಲ್ಲ. ನೆಲದ ಮೇಲೆ ಮಡಚಿಟ್ಟ ಹಾಸಿಗೆ ನೋಡಿದ, ಮಂಚ ನೋಡಿದ, ಎದ್ದುಹೋಗಿ ರಜಾಯಿಯ ತುದಿ ಎತ್ತಿದ.

"ಕಳ್ಳಿ," ಎಂದ, ಮೆಲ್ಲಗೆ.

ಊರಲ್ಲಿ ಹಾಗೆ ಹೆಸರಿಟ್ಟು ಸೇನೆ ಹಿಡಿದೊಯ್ದವರು ನೆಲಮಾಳಿಗೆಯ ಸೆರೆ ಸೇರಿದ್ದರು. ಕೆಲವರು ತಿರುಗಿ ಬಂದಿರಲಿಲ್ಲ. ನೆಲ್ಯಾಳ ಮುಖ ಬಿಳುಚಿತು. "ನಂಗೊತ್ತಿರ್ಲಿಲ್ಲ... ದೇವರಾಣೆ," ಎಂದು ತೊದಲಿದಳು.

ಸಿಪಾಯಿ ಚಿತ್ರವನ್ನು ತಟ್ಟೆಯಂತೆ ಎತ್ತಿಕೊಂಡ. ಅವನ ಹೆಬ್ಬೆರಳು ಹಿಂದಿನಿಂದ ಚಿತ್ರದ ಬಟ್ಟೆಯನ್ನು ಒತ್ತಿತು. ಮುಂಬದಿಯ ನೀರಿನಲ್ಲೊಂದು ಉಬ್ಬು ಎದ್ದಿತು.

"ಬೆರಳು ತೆಗಿ!" ಕೂಗಿದ್ದು ತಾನೇ ಎಂದು ರೈಸಾಳಿಗೆ ಆಮೇಲೆ ತಿಳಿಯಿತು. "ಬಣ್ಣ ಉದುರುತ್ತೆ. ಅಂಚು ಹಿಡೀಬೇಕು, ಅಂಚು."

ಸಿಪಾಯಿ ಅಧಿಕಾರಿಯ ಮುಖ ನೋಡಿದ.

"ಅಷ್ಟು ಗೊತ್ತಿದ್ರೆ ನೀನೇ ಹೊತ್ಕೊಂಡು ಬಾ," ಎಂದ ಅಧಿಕಾರಿ.

ಹೊತ್ತಳು. ಬೆನ್ನಿಗೆ ಕೋವಿಯ ನಳಿಗೆ. ಪ್ರತಿ ಮೆಟ್ಟಿಲಲ್ಲೂ, ಇಳಿದ ಮೇಲೆ ನನ್ನನ್ನೂ ಲಾರಿಗೆ ತುಂಬುತ್ತಾರೆ ಎನ್ನಿಸುತ್ತಿತ್ತು. ಕೈ ಮಾತ್ರ ಅಲುಗಲಿಲ್ಲ. ಲಾರಿಯೊಳಗೆ ಚಿತ್ರಗಳನ್ನು ಕಿಟಕಿ ಪರದೆಯಲ್ಲಿ ಸುತ್ತಿ ಸೌದೆಯಂತೆ ಒಟ್ಟಿದ್ದರು. ಅವಳು ತನ್ನ ಕೋಟು ಬಿಚ್ಚಿ ನದಿಗೆ ಹೊದಿಸಿ, ಚಿತ್ರದ ಮುಖವನ್ನು ಲಾರಿಯ ಪಕ್ಕದ ಹಲಗೆಗೆ ಮಾಡಿ ನಿಲ್ಲಿಸಿದಳು.

"ಇಳಿ, ಅಜ್ಜಿ. ನಿನ್ನ ಅದೃಷ್ಟ, ನಮಗೆ ಹೊತ್ತಿಲ್ಲ," ಎಂದ ಅಧಿಕಾರಿ.

ನೆಲ್ಯಾ ಲಾರಿ ಹತ್ತುತ್ತಿದ್ದಳು. ರಷ್ಯನ್ನರ ಜೊತೆ ಸೇರಿದ ಅವಳಿಗೆ ಈ ಊರಲ್ಲಿ ಇನ್ನು ನೆಲೆಯಿರಲಿಲ್ಲ. ರೈಸಾ ಅವಳ ತೋಳು ಹಿಡಿದಳು. ಬಯ್ಯುತ್ತಾಳೆಂದು ನೆಲ್ಯಾ ಕಣ್ಣು ಮುಚ್ಚಿಕೊಂಡಳು.

"ಅದು ಬೀಳದ ಹಾಗೆ ಒರಗಿ ಕೂತ್ಕೋ," ಎಂದಳು ರೈಸಾ. "ಹಳ್ಳ ದಿಣ್ಣೆ ಬಂದಾಗ ಕೈ ಬಿಡಬೇಡ. ಒದ್ದೆ ಆಗೋಕೆ ಬಿಡಬೇಡ. ಕೇಳಿಸ್ತೇನೇ?"

ನೆಲ್ಯಾ ತಲೆಯಾಡಿಸಿದಳು. ಲಾರಿ ಹೊರಟಾಗ ಅವಳು ಆ ಕೋಟನ್ನು ಎರಡೂ ತೋಳಲ್ಲಿ ತಬ್ಬಿಕೊಂಡಿದ್ದಳು.