ಒಂದು ಸೆರೆ ನೀರು

ಬಲು ಹಿಂದೆ, ಅಂದರೆ ಹೋದ ಚಳಿಗಾಲದಲ್ಲಿ, ಚಂದ್ರಾ ಲೇಔಟ್ ಎಂಬ ರಾಜ್ಯದ ಒಂದು ಎರಡನೇ ಮಹಡಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕತೆಯ ಹುಡುಗಿಯರೆಲ್ಲ ಯಾರಿಗೋ ಮಾತು ಕೊಟ್ಟು ಸಿಕ್ಕಿಬೀಳುವ ಹಾಗೆ ಇವಳೂ ಮಾತು ಕೊಟ್ಟಳು. ಏಳು ಸಮುದ್ರ ದಾಟಿ ರಾಕ್ಷಸನ ಗಿಳಿ ತರುವ ಮಾತಾಗಿದ್ದರೆ ಸುಲಭವಿತ್ತೇನೋ. ಅವಳು ಕೊಟ್ಟದ್ದು ಅಕ್ಕನ ಮಗುವಿಗೆ ನೀರೆರೆಯುವ ಮಾತು.

ಹುಡುಗಿಯ ಹೆಸರು ಸ್ಮೃತಿ. ಅವಳ ಅಮ್ಮ ತೀರಿಹೋಗುವ ಮುಂಚೆ ಮನೆಯವರನ್ನೆಲ್ಲ ಯೇಸುವಿನ ಕಡೆಗೆ ಕರೆತಂದಿದ್ದಳು. ಅಜ್ಜಿ ನೀಲಗಂಗಮ್ಮನೂ ಬಂದಳು. ಆದರೆ ತನ್ನ ಹೆಸರು, ತನ್ನ ಕತೆಗಳು, ತನ್ನ ಎಣ್ಣೆ ಗಿಂಡಿ, ಇವನ್ನು ಬಿಟ್ಟು ಬರಲಿಲ್ಲ. ಅಕ್ಕ ತನ್ಮಯಿಯ ಗಂಡುಮಗುವನ್ನು ದಿನಾ ಎರೆಯುತ್ತಿದ್ದವಳು ಅಜ್ಜಿಯೇ. ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡರೆ ಅದು ದೊರೆಯ ಹಾಗೆ ಬಿದ್ದುಕೊಂಡಿರುತ್ತಿತ್ತು. ಒಂದು ದಿನ ಅಜ್ಜಿ ಟೆರೇಸಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

"ನಾನಿದೀನಲ್ಲಜ್ಜಿ, ನಾನ್ ಎರೀತೀನಿ" ಎಂದಳು ಸ್ಮೃತಿ.

ಮರುದಿನ ಬೆಳಿಗ್ಗೆ ಮಣೆ ಹಾಕಿದಳು, ಗೀಸರಿನ ಬಿಸಿನೀರು ಬಕೆಟ್ಟಿಗೆ ಹಿಡಿದಳು. ಇನ್ನೂ ತಣ್ಣೀರು ಬೆರೆಸಿರಲಿಲ್ಲ. ಹಬೆಯಾಡುವ ಚೊಂಬು ಕೈಯಲ್ಲಿದ್ದಾಗ ಒಂದು ಯೋಚನೆ ಬಂತು: ಇದನ್ನು ಹೀಗೇ ಮಗುವಿನ ಮೇಲೆ ಸುರಿದುಬಿಟ್ಟರೆ?

ಹಾಲು ಮುಗಿದಿದೆ, ತರಬೇಕು ಎಂಬಷ್ಟೇ ಸಹಜವಾಗಿ, ಅವಳದೇ ದನಿಯಲ್ಲಿ ಬಂತು ಅದು. ಚೊಂಬು ಕೈಜಾರಿತು. ತಲೆ ಸುತ್ತುತ್ತಿದೆ ಎಂದು ಹೇಳಿ ಕೋಣೆಗೆ ಹೋಗಿ ಕದ ಹಾಕಿಕೊಂಡಳು.

ಅಂದಿನಿಂದ ಒಂದು ದಿನ ಗಂಟಲು ನೋವು, ಇನ್ನೊಂದು ದಿನ ಹೊಟ್ಟೆ ನೋವು. ತನ್ಮಯಿ ಮಗುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾದಳು.

"ಪಾಪುಗೆ ನೀರ್ ಹಾಕಕ್ಕೆ ಮುಹೂರ್ತ ನೋಡ್ಬೇಕೇನೇ?"

"ಹಾಕ್ತೀನಿ ಅಂದ್ನಲ್ಲಕ್ಕ."

"ಯಾವಾಗ, ಅವ್ನಿಗೆ ಮೀಸೆ ಬಂದ್ಮೇಲಾ? ಸೋಮವಾರದಿಂದ ನನಗೆ ಆಫೀಸು ಕಣೇ. ಆಮೇಲೆ ಒರೆಸಕ್ಕೂ ನಾನಿರಲ್ಲ. ನಿನ್ನ ನಂಬ್ಕೊಂಡೇ ಹೋಗ್ತಿರೋದು."

ನಿನ್ನ ನಂಬಿಕೊಂಡು ಎಂಬ ಮಾತು ಸ್ಮೃತಿಯ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಆ ಮಗುವಿನ ಹಿಮ್ಮಡಿಯನ್ನು ನೋಡಿದರೆ ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟು ಪ್ರೀತಿ. ಅಂಥ ಮಗುವಿನ ಬಗ್ಗೆ ಇಂಥದು ಯೋಚಿಸುವವಳು ಎಂಥವಳು? ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಮೊಣಕಾಲೂರಿ ಬೇಡಿಕೊಂಡಳು. ಯೇಸುವಿನ ಹೆಸರಲ್ಲಿ ಹೊರಡು ಎಂದು ಯೋಚನೆಗೆ ಆಜ್ಞೆ ಮಾಡಿದಳು. ಓಡಿಸಿದ ಬೆಕ್ಕು ಹಿತ್ತಲ ಬಾಗಿಲಿಂದ ಬರುವಂತೆ ಅದು ಬಂದೇ ಬಂತು, ಬರುವಾಗ ಮರಿಗಳನ್ನೂ ಕಚ್ಚಿಕೊಂಡು ಬಂತು. ಈಗ ಅಡುಗೆಮನೆಯ ಚಾಕು ಕಂಡರೂ ಭಯ, ಬಾಲ್ಕನಿ ಕಂಡರೂ ಭಯ.

ಭಾನುವಾರ ಅನ್ನಪೂರ್ಣೇಶ್ವರಿ ನಗರದ ಪ್ರಾರ್ಥನಾ ಮಂದಿರಕ್ಕೆ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ಮಂದಿರವೆಂದರೆ ಪ್ಲೈವುಡ್ ಅಂಗಡಿಯ ಮೇಲಿನ ಒಂದು ಹಾಲ್. ಆರಾಧನೆ ಮುಗಿದ ಮೇಲೆ ಅಜ್ಜಿಯೊಂದಿಗೆ ಪಾಸ್ಟರ್ ಸುಬ್ರಮಣಿಯವರ ಮುಂದೆ ನಿಂತಳು.

"ಪಾಸ್ಟರ್, ಕೆಟ್ಟ ಕೆಟ್ಟ ಯೋಚನೆ ಬರುತ್ತೆ."

"ಈ ವಯಸ್ಸಲ್ಲಿ ಬರುತ್ತಮ್ಮ. ಮೊಬೈಲ್ ಸ್ವಲ್ಪ ಕಡ್ಮೆ ಮಾಡು."

"ಅಂಥದ್ದಲ್ಲ ಪಾಸ್ಟರ್."

"ಎಂಥದ್ದಾದ್ರೂ ಸರಿ. ಬಂದ ತಕ್ಷಣ ಸೆರೆ ಹಿಡಿ. ಹಿಡಿದು ಕರ್ತನ ಮುಂದೆ ತಗೊಂಡ್ಹೋಗು" ಎಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಒಳ್ಳೆಯವರು. ಹಿಂದೆ ಇನ್ನೂ ಜನ ಕಾಯುತ್ತಿದ್ದರು. ಎಂಥ ಯೋಚನೆ ಎಂದು ಬಾಯಿಬಿಡಲು ಅವಳಿಗೆ ಆಗಲಿಲ್ಲ.

ಮಧ್ಯಾಹ್ನವೆಲ್ಲ ಸೆರೆ ಹಿಡಿಯುವುದರಲ್ಲೇ ಕಳೆಯಿತು. ಬಂತು, ಹಿಡಿದಳು. ಹಿಡಿದದ್ದು ತಪ್ಪಿಸಿಕೊಂಡಿತೇ ಎಂದು ತಿರುಗಿ ನೋಡಿದಳು. ನೋಡಿದ್ದೇ ತಡ, ಎದುರಿಗೇ ಇತ್ತು. ಸೆರೆಮನೆ ಕಾಯುವವನೂ ದಿನವಿಡೀ ಸೆರೆಮನೆಯಲ್ಲೇ ಇರಬೇಕಾಗುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಅವರೆಕಾಳು ಬಿಡಿಸಲು ಕೂತರೆ ಬೆರಳೇ ಬಿಚ್ಚಲಿಲ್ಲ.

"ಅದ್ಯಾಕೆ ಹಂಗೆ ಮುಷ್ಟಿ ಕಟ್ಕೊಂಡಿದೀಯ?" ಎಂದಳು ಅಜ್ಜಿ. "ಅಯ್ನೋರು ಸೆರೇಲಿ ಹಿಡಿ ಅಂತ ತಾನೆ ಹೇಳಿದ್ದು?"

"ಸೆರೆ ಅಂದ್ರೆ ಜೈಲು ಅಜ್ಜಿ."

"ಜೈಲಿಗೆ ಜೈಲು ಅಂತಾರೆ. ಸೆರೆ ಅಂದ್ರೆ ಇದು." ಅಜ್ಜಿ ತನ್ನ ಒಳ್ಳೆಯ ಕೈಯನ್ನು ಬಟ್ಟಲಿನಂತೆ ಗುಳಿ ಮಾಡಿ ಮುಂದೆ ಚಾಚಿದಳು. "ಒಂದು ಸೆರೆ ಅಕ್ಕಿ, ಒಂದು ಸೆರೆ ನೀರು. ಅಂಗೈ ಕಣೇ. ಇಷ್ಟು ದಿನ ಅನ್ನ ತಿಂದು ಇದೂ ಗೊತ್ತಿಲ್ವಾ?"

ಸ್ಮೃತಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು.

"ಅಜ್ಜಿ, ಪಾಪು ಮೇಲೆ ಕುದಿಯೋ ನೀರು ಹಾಕ್ಬಿಡ್ತೀನಿ ಅನ್ಸುತ್ತೆ."

ಅಜ್ಜಿಯ ಕೈ ಹಾಗೇ ನಿಂತಿತು. "ಹಾಕ್ತೀಯಾ?"

"ಇಲ್ಲ."

"ಹಾಕ್ಬೇಕು ಅಂತ ಆಸೆಯಾ?"

"ಅಯ್ಯೋ, ಇಲ್ಲಜ್ಜಿ. ಸತ್ತೋಗ್ಬೇಕು ಅನ್ಸುತ್ತೆ ಅದು ಬಂದಾಗ."

"ಸಾಯೋ ಮಾತು ಬ್ಯಾಡ. ಡಾಕ್ಟ್ರಿಗೂ ಹೇಳಾನ, ನಿಮ್ಮಕ್ಕ ಕರ್ಕೊಂಡ್ ಹೋಗ್ಲಿ." ಅಜ್ಜಿ ಸಿಪ್ಪೆಯ ರಾಶಿಯನ್ನು ಬದಿಗೆ ಸರಿಸಿದಳು. "ನಂಗೆ ಮದ್ದು ಗೊತ್ತಿಲ್ಲ ಮಗ. ಸೆರೇಲಿ ನೀರ್ ಹಿಡಿದ್ರೆ ನಿಲ್ತದಾ? ಸೋರ್ತದೆ. ಸೋರೋಗಂಟ ದೇವ್ರ ಮುಂದೆ ಹಿಡ್ಕೊಂಡ್ ನಿಂತ್ಕೊ. ಸ್ವಾಮಿ, ಇಂಥದ್ದು ಬಂದೈತೆ, ನೋಡು ಅನ್ನು. ಅಷ್ಟೇ."

"ಮತ್ತೆ ಬಂದ್ರೆ?"

"ಮತ್ತೆ ಹಿಡಿ. ಇನ್ನೇನ್ ಮಾಡಕ್ಕಾಯ್ತದೆ."

ಅದು ಸರಿಯಾದ ಅರ್ಥವಲ್ಲವೆಂದು ಸ್ಮೃತಿಗೆ ಗೊತ್ತಿತ್ತು. ಬೇರೆ ಯಾವ ಅರ್ಥವೂ ಅವಳ ಕೈಗೆ ದಕ್ಕಿರಲಿಲ್ಲ. ಆ ಸಂಜೆಯೇ ಅಕ್ಕನಿಗೂ ಹೇಳಿದಳು. ತನ್ಮಯಿ ಮಗುವನ್ನು ಎದೆಗೊತ್ತಿಕೊಂಡು ಕೇಳಿಸಿಕೊಂಡಳು. ಕೊನೆಗೆ, "ಅಜ್ಜಿ ಪಕ್ಕದಲ್ಲಿರ್ತಾರಲ್ಲ" ಎಂದಷ್ಟೇ ಅಂದಳು. ಆ ಮಾತಿನಲ್ಲಿ ನಂಬಿಕೆ ಎಷ್ಟು, ಅಂಜಿಕೆ ಎಷ್ಟು ಎಂದು ತಿಳಿಯಲಿಲ್ಲ.

ಸೋಮವಾರ ತನ್ಮಯಿ ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿ ಹೋದಳು. ಅಜ್ಜಿ ಬಚ್ಚಲ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಳು. ಸ್ಮೃತಿ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದಳು. ಇನ್ನಷ್ಟು ಬೆರೆಸಿದಳು. ಮತ್ತೆ ಅದ್ದಿದಳು.

"ಸಾಕು ಬಿಡು, ಇನ್ನೊಂದು ಚೊಂಬು ಬೆರೆಸಿದ್ರೆ ಮಗೀಗೆ ನೆಗಡಿ."

ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡಳು. ಎಣ್ಣೆ ಮೈ ನುಣುಪಾಗಿ ಜಾರುತ್ತಿತ್ತು. ಚೊಂಬೆತ್ತಿದ ಕೂಡಲೇ ಅದು ಬಂತು, ಮೊದಲಿನ ಹಾಗೇ, ಅವಳದೇ ದನಿಯಲ್ಲಿ.

"ಬಂತಜ್ಜಿ."

"ಬರ್ಲಿ. ಹಣೆ ಮೇಲೆ ಕೈ ಅಡ್ಡ ಇಡು, ಕಣ್ಣಿಗೆ ನೀರ್ ಹೋಗ್ದಂಗೆ."

ಎಡಗೈಯನ್ನು ಮಗುವಿನ ಹಣೆಗೆ ಮರೆಮಾಡಿ ಹಿಡಿದಳು. ಕರ್ತನೇ, ಇಗೋ ಬಂದಿದೆ, ನೋಡು, ನನ್ನ ಕೈಲಾಗುತ್ತಿಲ್ಲ. ಸಮಾಧಾನವೇನೂ ಬರಲಿಲ್ಲ. ಆದರೂ ನೀರು ಹೊಯ್ದಳು. ನೀರು ಬೆಚ್ಚಗಿತ್ತು. ಮತ್ತೊಂದು ಚೊಂಬಿಗೆ ಯೋಚನೆ ಮತ್ತೆ ಬಂತು, ಮತ್ತೆ ತೋರಿಸಿದಳು, ಮತ್ತೆ ಹೊಯ್ದಳು. ಮಗುವನ್ನು ಬೋರಲು ಹಾಕಿದಳು. ಅವಳ ಕಣ್ಣೀರು ಅದರ ಬೆನ್ನಿನ ಮೇಲೆ ಬಿದ್ದು ಕಡಲೆಹಿಟ್ಟಿನ ಜೊತೆ ತೊಳೆದುಹೋಯಿತು. ಮಗು ಒಮ್ಮೆ ಸೀನಿತು.

"ಕಿವಿ ಹಿಂದೆ?"

"ಆಯ್ತು."

"ಕಂಕುಳು?"

"ಅದೂ ಆಯ್ತಜ್ಜಿ."

ಕೊನೆಯ ಚೊಂಬನ್ನು ಮೂರು ಸುತ್ತು ನಿವಾಳಿಸುವುದು ಅಜ್ಜಿ ಬಿಡದ ಪದ್ಧತಿ. ಸ್ಮೃತಿ ನಿವಾಳಿಸಿ ಮೋರಿಗೆ ಚೆಲ್ಲಿದಳು. ಟವೆಲಿನಲ್ಲಿ ಸುತ್ತಿದ ಮಗು ಅಲ್ಲೇ ಅವಳ ತೊಡೆಯ ಮೇಲೆ ನಿದ್ದೆಹೋಯಿತು. ಕಾಲು ಜೋಮು ಹಿಡಿದಿತ್ತು, ಏಳಲಾಗಲಿಲ್ಲ. ಒದ್ದೆ ನೆಲದಲ್ಲಿ ಹಾಗೇ ಕೂತಳು.