ಮೂವತ್ತೆರಡನೇ ಕ್ಯಾಸೆಟ್ಟು

ಭಾನುವಾರ ಬೆಳಿಗ್ಗೆ ಏಳೂವರೆಗೆ ಫೋನು ಬಂದಾಗ ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮ ಯಜಮಾನರು ರಿಸೀವರ್ ಎತ್ತಿದರು, ಎರಡು ನಿಮಿಷ ಕೇಳಿಸಿಕೊಂಡರು, ಆಮೇಲೆ ಕೂಗಿದ ಕೂಗಿಗೆ ಪಕ್ಕದ ಕ್ವಾರ್ಟರ್ಸಿನಾಕೆ ಕಿಟಕಿಯಿಂದ ಇಣುಕಿ “ಕ್ಯಾ ಹುವಾ, ಭಾಭೀಜಿ?” ಎಂದು ಕೇಳಿದಳು.

“ಸತ್ಯಾ! ಸಿಕ್ತು! ಮೂವತ್ತೆರಡು ಸಿಕ್ತು!”

ಬೇರೆ ಮನೆಯಲ್ಲಾದರೆ ಹೆಂಡತಿ ‘ಏನು ಮೂವತ್ತೆರಡು?’ ಎಂದು ಕೇಳುತ್ತಿದ್ದಳು. ನಾನು ಸುಮ್ಮನೆ ಗ್ಯಾಸ್ ಆರಿಸಿದೆ. ಆರು ವರ್ಷದಿಂದ ನಮ್ಮ ಮನೆಯಲ್ಲಿ ಆ ಸಂಖ್ಯೆಗೆ ಬೇರೆ ಅರ್ಥವೇ ಇಲ್ಲ.

ವಿಷಯ ಹೇಳಿಬಿಡುತ್ತೇನೆ. ನನ್ನ ಗಂಡ ನರಹರಿ ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ಒಂದು ಕೇಂದ್ರ ಸರಕಾರಿ ಕಚೇರಿಯ ದಾಖಲೆ ವಿಭಾಗದ ಸೂಪರಿಂಟೆಂಡೆಂಟ್. ಊರು ಧಾರವಾಡ, ವಯಸ್ಸು ನಲವತ್ತೊಂಬತ್ತು. ಸಿಗರೇಟಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ, ಹಳೇ ವಿಡಿಯೊ ಗೇಮ್ ಕೂಡಿಹಾಕುವುದು. ಗಗನ್ ಅಂತ ಒಂದು ಕಂಪನಿ ಇತ್ತು. ತೊಂಬತ್ತೊಂದರಿಂದ ತೊಂಬತ್ತೈದರವರೆಗೆ ಟಿವಿಗೆ ಹಚ್ಚಿ ಆಡುವ ಡಬ್ಬಿಯನ್ನೂ ಅದರೊಳಗೆ ಹಾಕುವ ಮೂವತ್ತೆರಡು ಆಟದ ಕ್ಯಾಸೆಟ್ಟುಗಳನ್ನೂ ಮಾರಿ ಬಾಗಿಲು ಹಾಕಿಕೊಂಡಿತು. ಮಗಳು ಮೃದುಲಾಗೆಂದು ಒಂದು ಡಬ್ಬಿ, ಮೂರು ಕ್ಯಾಸೆಟ್ ತಂದಿದ್ದೆವು. ಅವಳಿಗೆ ಬೇಗ ಬೇಸರ ಬಂತು, ಬ್ಯಾಡ್ಮಿಂಟನ್ ಹಿಡಿದಳು, ಈಗ ಪುಣೆಯ ಹಾಸ್ಟೆಲಿನಲ್ಲಿದ್ದಾಳೆ. ಅಪ್ಪನಿಗೆ ಮಾತ್ರ ಅದು ಅಂಟಿಕೊಂಡಿತು. ಡಬ್ಬಿಯ ಬೆನ್ನಿಗೆ ಮೂವತ್ತೆರಡೂ ಆಟಗಳ ಪಟ್ಟಿ ಅಚ್ಚಾಗಿತ್ತು. ದಾಖಲೆ ವಿಭಾಗದವರ ಕಣ್ಣಿಗೆ ಪಟ್ಟಿಯೊಂದು ಬಿದ್ದರೆ ಮುಗಿಯಿತು.

ಬರೀ ಕ್ಯಾಸೆಟ್ ಸಿಕ್ಕರೆ ಅವರಿಗೆ ಸಿಕ್ಕ ಹಾಗಲ್ಲ. ಅದರ ರಟ್ಟಿನ ಪೆಟ್ಟಿಗೆ ಬೇಕು, ಪುಸ್ತಿಕೆ ಬೇಕು, ಗ್ಯಾರಂಟಿ ಕಾರ್ಡು ಬೇಕು, ಸುತ್ತಿದ್ದ ಪ್ಲಾಸ್ಟಿಕ್ ಚೀಲವೂ ಬೇಕು. “ಲಗತ್ತು ಇಲ್ಲದ ಫೈಲು ಫೈಲೇ ಅಲ್ಲ” ಎನ್ನುತ್ತಾರೆ. ಒಂದು ಪ್ಲಾಸ್ಟಿಕ್ ಚೀಲಕ್ಕಾಗಿ ಬಿರುಬಿಸಿಲಲ್ಲಿ ಸಾವನೇರ್‌ವರೆಗೆ ಬಸ್ಸಿನಲ್ಲಿ ಹೋಗಿ ಬಂದ ಮನುಷ್ಯ. ಎಲ್ಲವೂ ಕೂಡಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ಫೈಲು ಕಟ್ಟುವ ಕೆಂಪು ದಾರದಿಂದ ಕಟ್ಟಿ, ಕಪಾಟಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕೊನೆಯ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು: ‘ಬಳಕೆಯಾಗಿಲ್ಲ’.

ಅಂದರೆ ಆಡುವಂತಿಲ್ಲ. ಹಿಂದೊಮ್ಮೆ ಟಿವಿಯಲ್ಲಿ ಚಿತ್ರ ಬರಲಿಲ್ಲವೆಂದು ಮೃದುಲಾ ಎಲ್ಲ ಮಕ್ಕಳಂತೆ ಐದನೇ ನಂಬರಿನ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದಳು. ಮುಂದೆ ಅದು ತುಕ್ಕು ಹಿಡಿದು ಕೆಟ್ಟಿತು. ಉಸಿರಿನ ಪಸೆಯಿಂದಲೇ ಹಾಗಾಯಿತೆಂದು ಇವರು ತೀರ್ಮಾನಿಸಿದರು. ಇನ್ನೊಂದು ಐದನೆಯದನ್ನು ಹುಡುಕಲು ಒಂದೂವರೆ ವರ್ಷ ಹಿಡಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಊದುವುದು ಮಹಾಪಾಪ.

ಮೂವತ್ತೊಂದು ಪೂರ್ತಿಯಾಗಿದ್ದವು. ಮೂವತ್ತೆರಡನೆಯ ಆಟ ‘ಆಖರಿ ಕಿಲಾ’, ಅಂದರೆ ಕೊನೆಯ ಕೋಟೆ. ಅದರ ಖಾಲಿ ಪೆಟ್ಟಿಗೆಯೊಂದು ಸೀತಾಬರ್ಡಿಯ ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತು, ಅಷ್ಟೆ.

ಈಗ ನನ್ನ ವಿಷಯ. ಇವರು ಒಂಬತ್ತೂವರೆಗೆ ಹೊರಟರೆ ತಿರುಗಿ ಬರುವುದು ಆರಕ್ಕೆ. ನಾಲ್ಕು ವರ್ಷದ ಹಿಂದೆ ಒಂದು ಮೇ ತಿಂಗಳ ಮಧ್ಯಾಹ್ನ, ಕಪಾಟಿನಲ್ಲಿ ನುಸಿ ಗುಳಿಗೆ ಇಡಲು ಹೋದವಳು ಒಂದನೇ ನಂಬರನ್ನು ಬಿಚ್ಚಿ ಟಿವಿಗೆ ಹಚ್ಚಿದೆ. ಪಾಪ, ಒಂಟಿ ಹೆಂಗಸು, ಹೊತ್ತು ಹೋಗದೆ ಆಡಿದಳು ಎಂದು ಯಾರೂ ಮರುಗಬೇಕಾಗಿಲ್ಲ. ಮಜಾ ಬಂತು, ಆಡಿದೆ. ಕೂಲರ್ ಹಚ್ಚಿಕೊಂಡು, ಕಾಲು ಚಾಚಿಕೊಂಡು, ಒಂದಾದ ಮೇಲೊಂದು ಮೂವತ್ತೊಂದನ್ನೂ ಆಡಿದೆ. ಇವರು ಹಾಕಿದ ಗಂಟನ್ನು ಇವರಂತೆಯೇ ತಿರುಗಿ ಹಾಕಲು ಕಲಿಯುವುದಕ್ಕೇ ಹದಿನೈದು ದಿನ ಬೇಕಾಯಿತು. ಊದಿದೆಯಾ ಎಂದರೆ, ಊದಿದೆ. ಊದದೆ ಯಾವ ಕ್ಯಾಸೆಟ್ ನಡೆದೀತು? ಇವರು ರಿಜಿಸ್ಟರ್ ತೆರೆದು ‘ಬಳಕೆಯಾಗಿಲ್ಲ’ ಎಂಬುದರ ಮೇಲೆ ಬೆರಳಾಡಿಸಿ ತೃಪ್ತಿಪಡುವಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು.

ಫೋನು ಮಾಡಿದವರು ಕನ್ನಡ ಸಂಘದ ಯಲ್ಲಪ್ಪನವರು. ಇವರು ಒಂದೇ ಉಸಿರಿಗೆ ಹೇಳಿದರು:

“ಕಾಮಠಿ ಮಿಲಿಟರಿ ಛಾವಣಿಯೊಳಗ ಸುಬೇದಾರ್ ಬೋಪಣ್ಣ ಅಂತ ಒಬ್ಬರು ಇದ್ದಾರಂತ. ಕೊಡಗಿನವರು. ಅಸ್ಸಾಂಗೆ ಪೋಸ್ಟಿಂಗ್ ಬಂದದ, ನಾಳೆ ಮುಂಜಾನೆ ಟ್ರಕ್ ಬರ್ತದಂತ. ಯಲ್ಲಪ್ಪನವರು ನಿನ್ನೆ ಭೆಟ್ಟಿ ಆಗ್ಲಿಕ್ಕೆ ಹೋದಾಗ ಕಣ್ಣಾರೆ ನೋಡ್ಯಾರ. ಆಖರಿ ಕಿಲಾ! ಪುಸ್ತಿಕೆ ಅದ, ಕಾರ್ಡ್ ಅದ, ಚೀಲ ಅದ. ಪೆಟ್ಟಿಗಿ ಒಂದಿಲ್ಲಂತ. ಪೆಟ್ಟಿಗಿ ನಮ್ಮ ಕಡೆ ಅದಲ್ಲ! ನಡೀ, ಜಲ್ದಿ!”

“ಅವಲಕ್ಕಿ ತಿಂದು ಹೋಗೂಣಲ್ರಿ.”

“ಅವಲಕ್ಕಿ ಎಲ್ಲೆ ಓಡಿ ಹೋಗ್ತದ?”

ಸ್ಕೂಟರಿನ ಹಿಂದೆ ಕೂತು, ಟವೆಲ್ಲಿನಲ್ಲಿ ಸುತ್ತಿದ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಸುಗೂಸಿನಂತೆ ಹಿಡಿದುಕೊಂಡೆ. ನಲವತ್ತರ ಮೇಲೆ ಎಂದೂ ಓಡದ ನಮ್ಮ ಸ್ಕೂಟರು ಅಂದು ಇಂದೋರಾ ಚೌಕ ದಾಟಿದ ಮೇಲೆ ಅರವತ್ತು ಮುಟ್ಟಿತು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಸುಳ್ಳೇಕೆ ಹೇಳಲಿ, ನಾನಿನ್ನೂ ಆಡದ ಆಟ ಅದೊಂದೇ.

ಬೋಪಣ್ಣನವರ ಮನೆಯ ವರಾಂಡದಲ್ಲಿ ಕರೀ ಟ್ರಂಕುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಬಿಳೀ ಬಣ್ಣದಲ್ಲಿ ಅವರ ಹೆಸರು, ಕೆಳಗೆ ಹದಿನಾಲ್ಕರಲ್ಲಿ ಒಂದು, ಹದಿನಾಲ್ಕರಲ್ಲಿ ಎರಡು ಎಂದು ನಂಬರು. ಮುಚ್ಚಳದ ಒಳಗೆ ಏನೇನಿದೆ ಎಂಬ ಪಟ್ಟಿ ಅಂಟಿಸಿತ್ತು. ನಮ್ಮವರು ಆರನೇ ಟ್ರಂಕಿನ ಮುಂದೆ ನಿಂತು ಆ ಪಟ್ಟಿಯನ್ನು ಕೊನೆಯವರೆಗೂ ಓದಿದರು.

“ಹದಿನಾಲ್ಕೂ ಹಿಂಗ ಅವ ಏನ್ರಿ?”

“ಹದಿನಾಲ್ಕೂ ಹೀಗೇ ಸರ್. ಚಮಚ ಎಷ್ಟು ಅನ್ನೋದೂ ಬರೆದಿದೆ” ಎಂದರು ದೊಡ್ಡ ಮೀಸೆಯ ಬೋಪಣ್ಣ.

ಇಬ್ಬರೂ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರಂತೆ ಒಬ್ಬರನ್ನೊಬ್ಬರು ನೋಡಿದರು. ಬೋಪಣ್ಣನವರ ಹೆಂಡತಿ ಗೌರಮ್ಮನವರೂ ನಾನೂ ನೋಡಿಕೊಂಡೆವು. ಅದು ಬೇರೆ ತರಹದ ನೋಟ.

ಕ್ಯಾಸೆಟ್ ಹೊರಗೆ ಬಂತು. ನಾನು ಟವೆಲ್ ಬಿಚ್ಚಿದೆ. ಪೆಟ್ಟಿಗೆ ಕಂಡದ್ದೇ ತಡ, ಬೋಪಣ್ಣನವರು ಎರಡೂ ಕೈ ಚಾಚಿದರು.

“ಬಾಕ್ಸ್! ನಮ್ಮದನ್ನ ಜಬಲ್ಪುರದಲ್ಲಿ ಗೆದ್ದಲು ತಿಂದುಬಿಡ್ತು ಸರ್. ನನ್ನ ಹತ್ರ ಏಳು ಕ್ಯಾಸೆಟ್ ಇದೆ, ಆರಕ್ಕೆ ಬಾಕ್ಸ್ ಇದೆ. ಎಂಟು ವರ್ಷದಿಂದ ಲಿಸ್ಟಲ್ಲಿ ‘ಒಂದಕ್ಕೆ ಬಾಕ್ಸ್ ಇಲ್ಲ’ ಅಂತ ಬರೀತಾ ಇದ್ದೀನಿ. ಕೊಟ್ಟುಬಿಡಿ!”

“ನಾ ಕೊಡೂದಾ? ನೀವು ಕೊಡ್ರಿ! ನನ್ನವು ಮೂವತ್ತೊಂದು ಆಗ್ಯಾವ!”

ಅರ್ಧ ಗಂಟೆ ಇದೇ ನಡೆಯಿತು. ಇವರು ಕೈಮುಗಿದರು, ಅವರೂ ಮುಗಿದರು. ಮಾರುವ ಮಾತೇ ಇಲ್ಲ. ಕೊನೆಗೆ ಅಡುಗೆಮನೆಯಿಂದ ಗೌರಮ್ಮ ಸೌಟು ಹಿಡಿದೇ ಹೊರಗೆ ಬಂದರು.

“ಬೆಳಿಗ್ಗೆ ಟ್ರಕ್ ಬರುತ್ತೆ, ಪಾತ್ರೆ ಎಲ್ಲಾ ಹಾಗೇ ಬಿದ್ದಿದೆ. ಟಿವಿ, ಆಟದ ಡಬ್ಬಿ ಎರಡೂ ಇನ್ನೂ ಕಟ್ಟಿಲ್ಲ ಅಲ್ವಾ? ಆಡಿ. ಯಾರಿಗೆ ಪಾಯಿಂಟ್ ಜಾಸ್ತಿ ಬರುತ್ತೋ ಎರಡೂ ಅವರಿಗೆ. ಆಮೇಲೆ ಬಂದು ನನಗೆ ಸಹಾಯ ಮಾಡಿ.”

ಬೋಪಣ್ಣನವರ ಮುಖ ಇಷ್ಟಗಲವಾಯಿತು. ನಮ್ಮವರ ಮುಖ ಸಣ್ಣಗಾಯಿತು. “ನನಗ ಆಡ್ಲಿಕ್ಕೆ ಬರೂದಿಲ್ಲ” ಎಂದರು.

“ಹಾಗಾದ್ರೆ ನಿಮ್ಮ ಮನೆಯವರು ಆಡಲಿ.”

“ಆಕಿನಾ?” ಅಷ್ಟು ಸಂಕಟದಲ್ಲೂ ಇವರಿಗೆ ನಗು ಬಂತು. “ಆಕಿಗೆ ಟಿವಿ ಹಚ್ಚೂದು ಬಿಟ್ರ ಏನು ಬರ್ತದ್ರಿ?”

ನನಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದರೆ ನಾಳೆ ಆ ಟ್ರಂಕು ಅಸ್ಸಾಂಗೆ ಹೋಗುತ್ತದೆ, ಇವರ ಮೂವತ್ತೆರಡು ಎಂದಿಗೂ ಪೂರ್ತಿಯಾಗುವುದಿಲ್ಲ. ಆಡಿ ಸೋತರೆ ಪೆಟ್ಟಿಗೆಯೂ ಹೋಗುತ್ತದೆ. ಆಡಿ ಗೆದ್ದರೆ? ಈ ಕೈ ಎಲ್ಲಿ ಪಳಗಿತು ಎಂದು ಇವರಿಗೆ ತಿಳಿಯದೆ ಇರುತ್ತದೆಯೇ? ಮೂವತ್ತೊಂದು ಸಾಲಿನ ಕೆಂಪಕ್ಷರ ಒಮ್ಮೆಗೇ ಸುಳ್ಳಾಗುತ್ತದೆ. ಇವರತ್ತ ನೋಡಿದೆ. ಕಣ್ಣು ಕ್ಯಾಸೆಟ್ಟಿನ ಮೇಲೇ ನೆಟ್ಟಿತ್ತು.

“ನಾ ಆಡ್ತೀನಿ” ಎಂದೆ.

ಬೋಪಣ್ಣ ಮೊದಲು ಆಡಿದರು. ಪೇಟ ಕಟ್ಟಿದ ಪುಟ್ಟ ಸಿಪಾಯಿಯೊಬ್ಬ ಕೋಟೆಯ ಐದು ಗೋಡೆಗಳನ್ನು ದಾಟಬೇಕು. ಚೆನ್ನಾಗಿಯೇ ಆಡಿದರು. ಮೂರನೇ ಗೋಡೆಯಲ್ಲಿ ಸಿಪಾಯಿ ಸತ್ತಾಗ ನಲವತ್ತೆಂಟು ಸಾವಿರದ ಆರುನೂರು. ನನ್ನ ಸರದಿಗೆಂದು ಬಂದ್ ಮಾಡಿ ಮತ್ತೆ ಹಚ್ಚಿದರೆ ಟಿವಿ ತುಂಬ ಬರೀ ಚುಕ್ಕೆ. ಅವರು ಅಲುಗಾಡಿಸಿ ನೋಡಿದರು. ಏನೂ ಇಲ್ಲ.

ನನ್ನ ಕೈ ನನ್ನನ್ನು ಕೇಳಲಿಲ್ಲ. ಕ್ಯಾಸೆಟ್ಟನ್ನು ಹೊರಗೆಳೆದು, ಉಫ್, ಉಫ್ ಎಂದು ಎರಡು ಸಲ ಊದಿ, ಅಂಗೈಗೆ ಬಡಿದು, ತುಸು ಓರೆಯಾಗಿ ಒತ್ತಿ ಕೂರಿಸಿದೆ. ಚಿತ್ರ ಥಟ್ಟನೆ ಬಂತು.

ನಾನು ತಿರುಗಿ ನೋಡಲಿಲ್ಲ. ಕುತ್ತಿಗೆಯ ಹಿಂದೆ ಇವರ ನೋಟ ಚುಚ್ಚುವುದು ಗೊತ್ತಾಗುತ್ತಿತ್ತು.

ಗೊತ್ತಿಲ್ಲದ ಆಟ. ಮೊದಲ ಗೋಡೆಯಲ್ಲೇ ಎರಡು ಜೀವ ಹೋದವು. ಎರಡನೇ ಗೋಡೆ ಶುರುವಾದಾಗ ಉಳಿದದ್ದು ಒಂದೇ. ಬೋಪಣ್ಣ ಆಗಲೇ ಪೆಟ್ಟಿಗೆಯನ್ನು ಎತ್ತಿ ಧೂಳು ಒರೆಸತೊಡಗಿದ್ದರು. ಆಗ ನೆನಪಾಯಿತು. ಗಗನ್ ಕಂಪನಿಯವರದು ಒಂದು ಕಿಲಾಡಿತನ ಇತ್ತು. ಎರಡನೇ ಹಂತದ ಆರಂಭದಲ್ಲಿ ಎಲ್ಲರೂ ಬಲಕ್ಕೆ ಓಡುತ್ತಾರೆ. ಓಡದೆ ಹಿಂದಕ್ಕೆ ಬಂದು, ಎಡದ ಅಂಚಿನಲ್ಲಿ ಮೂರು ಸಲ ಕೂತೆದ್ದರೆ ಮೇಲಿನಿಂದ ಒಂದು ಗಡಿಗೆ ಬೀಳುತ್ತದೆ, ಅದರಲ್ಲಿ ಮೂರು ಜೀವ. ನಾಲ್ಕನೇ ನಂಬರಿನಲ್ಲಿ ಅದು ಅಕಸ್ಮಾತ್ತಾಗಿ ಸಿಕ್ಕಿತ್ತು. ಮೊದಲಿನ ಮೂರನ್ನೂ ತಿರುಗಿ ನೋಡಿದೆ, ಮುಂದಿನದನ್ನೆಲ್ಲ ನೋಡಿದೆ. ಮೂವತ್ತೊಂದರಲ್ಲೂ ಇತ್ತು. ಇದರಲ್ಲಿ ಇರದೆ ಹೋದೀತೇ?

ಸಿಪಾಯಿಯನ್ನು ಹಿಂದಕ್ಕೆ ತಿರುಗಿಸಿದೆ.

“ಅಲ್ಲೇನೂ ಇಲ್ಲ ಮೇಡಂ!” ಎಂದು ಬೋಪಣ್ಣ ನಕ್ಕರು.

ಕೂತೆ. ಎದ್ದೆ. ಕೂತೆ. ಎದ್ದೆ. ಕೂತೆ. ಎದ್ದೆ.

ಗಡಿಗೆ ಬಿತ್ತು!

“ಏಯ್!” ಬೋಪಣ್ಣ ಟ್ರಂಕಿನಿಂದ ಜಿಗಿದು ನಿಂತರು. “ಎಂಟು ವರ್ಷದಿಂದ ಆಡ್ತಾ ಇದ್ದೀನಿ ನಾನು!”

“ಹೊಡೀರಿ ಅಕ್ಕಾ!” ಎಂದು ಗೌರಮ್ಮ ಸೌಟಿನಿಂದ ಬಾಗಿಲಿಗೆ ಬಡಿದರು. ಮುಂದೆ ನಾನು ಆಡಿದ್ದು ಹೇಗೆಂದು ನನಗೇ ತಿಳಿಯದು. ಎರಡನೇ ಗೋಡೆ ದಾಟಿತು. ಮೂರನೆಯದು ದಾಟಿತು. ನಲವತ್ತೆಂಟು ಸಾವಿರ ಹಿಂದೆ ಬಿತ್ತು. ನಾಲ್ಕನೇ ಗೋಡೆಯ ತುದಿಯಲ್ಲಿ ಸಿಪಾಯಿ ಕೊನೆಗೂ ಬಿದ್ದಾಗ ಐವತ್ಮೂರು ಸಾವಿರದ ನೂರು. ನನ್ನ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಹೇಳಲಾರದಷ್ಟು ಖುಷಿಯಾಗಿತ್ತು, ಆಮೇಲೆ ಇವರ ನೆನಪಾಯಿತು.

ಬೋಪಣ್ಣ ಮಾತಿಗೆ ತಪ್ಪುವವರಲ್ಲ. ತಾವೇ ಕ್ಯಾಸೆಟ್ಟನ್ನು ಪೆಟ್ಟಿಗೆಯೊಳಗಿಟ್ಟು, ಮುಚ್ಚಳದ ಮೇಲೆ ಒಂದು ಕ್ಷಣ ಕೈಯಿಟ್ಟುಕೊಂಡು, ಇವರಿಗೆ ಕೊಟ್ಟರು. ಟ್ರಂಕಿನ ಪಟ್ಟಿಯಲ್ಲಿ ಏಳನ್ನು ಹೊಡೆದು ಆರು ಮಾಡಿದರು. “ಈಗ ನಂದೂ ಪೂರ್ತಿ ಆಯ್ತು ಸರ್. ಆರಕ್ಕೆ ಆರು ಬಾಕ್ಸ್. ಇಲ್ಲೊಂದು ಸಹಿ ಹಾಕಿ.” ಇವರು ಸಹಿ ಹಾಕಿ, ಕೆಳಗೆ ತಾರೀಖನ್ನೂ ಬರೆದರು.

ಬರುವಾಗ ಸ್ಕೂಟರು ಮೂವತ್ತರಲ್ಲಿ ಬಂತು. ಮನೆಗೆ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ದಾರ ಕಟ್ಟಲಿಲ್ಲ.

“ಎಷ್ಟು?”

“ಎಲ್ಲಾ.”

“ಮೂವತ್ತೊಂದೂ?”

“ಹೂಂ.”

“ಊದಿ?”

“ಊದಿ.”

ಕಪಾಟು ತೆರೆದರು. ಒಂದೊಂದೇ ಗಂಟು ಬಿಚ್ಚಿ, ಟಾರ್ಚು ಹಿಡಿದು, ಪ್ರತಿ ಕ್ಯಾಸೆಟ್ಟಿನ ಬಾಯಿ ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಆದರೂ ಅವರು ರಿಜಿಸ್ಟರ್ ತೆಗೆದು, ಸ್ಕೇಲ್ ಇಟ್ಟು, ‘ಬಳಕೆಯಾಗಿಲ್ಲ’ ಎಂಬುದನ್ನು ಒಂದೊಂದೇ ಸಾಲಿನಲ್ಲಿ ಹೊಡೆದುಹಾಕತೊಡಗಿದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಆ ಸ್ಕೇಲಿನ ಸದ್ದು ಕೇಳಿ ನನಗೆ ಅಳು ಬಂತು.

ಅಡುಗೆಮನೆಗೆ ಹೋಗಿ ನನ್ನ ಅಡುಗೆ ಬರೆದಿಡುವ ವಹಿ ತಂದು ಅವರ ಮುಂದೆ ಹಾಕಿದೆ. ಅದರ ಹಿಂದಿನ ಹಾಳೆಗಳಲ್ಲಿ ನಾಲ್ಕು ವರ್ಷದ್ದೂ ಇತ್ತು, ಯಾವ ನಂಬರು, ಯಾವ ದಿನ, ಎಷ್ಟು ಪಾಯಿಂಟು, ಯಾವಾಗ ಮುಗಿಯಿತು.

“ಬರೀಯೂದಿದ್ರ ಬರೋಬರ್ ಬರೀರಿ” ಎಂದೆ.

ಅವರು ಮೊದಲ ಹಾಳೆ ನೋಡಿದರು. ಎರಡನೆಯದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ತಾರೀಖೂ ಬರದೀಯಲ್ಲ!”

“ಬರೀದೆ ಹೆಂಗ?”

ಆ ಮುಖ ನಿಧಾನಕ್ಕೆ ಬೆಳಗಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ರಿಜಿಸ್ಟರಿನಲ್ಲಿ ಹೊಸ ಗೆರೆ ಎಳೆದು, ಮೇಲೆ ‘ಆಡಿ ಮುಗಿಸಿದ ದಿನಾಂಕ’ ಎಂದು ಬರೆದರು. ನಾನು ಓದಿದೆ, ಅವರು ಬರೆದುಕೊಂಡರು. ಒಂದು, ಎರಡು, ಮೂರು. ಹತ್ತೊಂಬತ್ತಕ್ಕೆ ಬಂದಾಗ ಪೆನ್ನು ನಿಂತಿತು.

“ಇಲ್ಲೆ ಮುಗಿಸಿದ ತಾರೀಖಿಲ್ಲ?”

“ಅದರ ಕೊನೀ ಹಂತ ದಾಟ್ಲಿಕ್ಕೇ ಆಗಿಲ್ರಿ. ಎಷ್ಟು ಸಲ ಆಡಿದ್ರೂ.”

“ಮತ್ತ ಮೂವತ್ತೆರಡನೇದೂ ಇವತ್ತ ಮುಗಿಲಿಲ್ಲ.”

“ಇಲ್ಲ.”

“ಅಂದ್ರ ನಮ್ಮದು ಪೂರ್ತಿ ಆಗಿಲ್ಲ, ಸತ್ಯಾ!”

ಬೆಳಗಿನದೇ ಕೂಗು. ಪಕ್ಕದ ಮನೆಯ ಕಿಟಕಿ ಮತ್ತೆ ತೆರೆಯಿತು. ಒಲೆಯ ಮೇಲಿನ ಅವಲಕ್ಕಿ ತಣ್ಣಗಾಗಿ ಕೂತಿತ್ತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ಇವರು ತಾವೇ ಡಬ್ಬಿ ತಂದು, ಟಿವಿಗೆ ತಪ್ಪು ವೈರು ಚುಚ್ಚಿದರು. ನಾನು ಸರಿಮಾಡಿದೆ. ಕೂಲರ್ ಹಚ್ಚಿ ಬಂದು ಪಕ್ಕದಲ್ಲಿ ಕೂತು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡರು. ಹತ್ತೊಂಬತ್ತನೇ ಕ್ಯಾಸೆಟ್ಟನ್ನು ಚೀಲದಿಂದ ಹೊರಗೆ ತೆಗೆದು, ಅದರ ಬಾಯಿಯನ್ನು ನನ್ನ ಕಡೆಗೆ ಹಿಡಿದರು.

“ಊದು” ಎಂದರು.