ಹಗುರವಾದ ಪೆಟ್ಟಿಗೆಗಳು

ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಮಕ್ಕಳು ಮುಟ್ಟಿದರೆ ಕೆಟ್ಟುಹೋಗುತ್ತವೆ ಎಂದು ಹೆಡ್ಮಾಸ್ಟರು ಬೀಗದ ಕೈ ಕೊಡುತ್ತಿದ್ದುದು ಶಾಲೆಯ ಆಯಾಗೆ ಮಾತ್ರ, ವಾರಕ್ಕೊಮ್ಮೆ ಧೂಳು ಹೊಡೆಯಲು. ಹನ್ನೆರಡು ಮೇಜು, ಹನ್ನೆರಡು ಪರದೆ, ನೆಲದ ಮೇಲೆ ಹನ್ನೆರಡು ಕರಿ ಸಿಪಿಯು ಪೆಟ್ಟಿಗೆ. ಮಂಡಿನೋವಿನಿಂದ ಕೂರಲಾರದೆ ಅವಳು ಪೆಟ್ಟಿಗೆಗಳನ್ನೇ ಮೇಜಿನ ಮೇಲೆತ್ತಿಟ್ಟು ಒರೆಸುತ್ತಿದ್ದಳು. ಮೊದಲು ಒಂದನ್ನೆತ್ತಲು ಎರಡೂ ಕೈ ಬೇಕಿತ್ತು. ಈಚೆಗೆ ಒಂದೇ ಕೈಗೆ ಬರುತ್ತಿತ್ತು. ತನ್ನ ರಟ್ಟೆಗೆ ಬಲ ಬಂತೇನೋ ಅಂದುಕೊಂಡಳು. ಈ ವಯಸ್ಸಿಗೆ ಎಲ್ಲಿಂದ ಬರಬೇಕು?

ಅದೇ ಶಾಲೆಯ ಹತ್ತನೇ ತರಗತಿಯಲ್ಲಿದ್ದ ಅವಳ ಮಗಳು ಕಂಪ್ಯೂಟರ್ ಕಲಿತದ್ದು ರಟ್ಟಿನ ಮೇಲೆ. ಕೀಲಿಗಳ ಚಿತ್ರ ಬರೆದುಕೊಂಡು, ಅಮ್ಮ ಪಾತ್ರೆ ಉಜ್ಜುವಾಗ ಪಕ್ಕದಲ್ಲಿ ಕೂತು ಟಪಟಪ ಕುಟ್ಟುತ್ತಿದ್ದಳು.

"ಏನೇ ಅದು?"

"ನಿನ್ನ ಹೆಸರು ಹೊಡೀತಿದೀನಿ."

"ಎಲ್ಲೇ, ಕಾಣ್ತಾನೇ ಇಲ್ಲ?"

"ಕಾಣೋ ಹಾಗಿದ್ರೆ ಇದು ರಟ್ಟು ಯಾಕಾಗ್ತಿತ್ತಮ್ಮ?"

ಪ್ರಾಕ್ಟಿಕಲ್ ಪರೀಕ್ಷೆ ಬೇರೊಂದು ಶಾಲೆಯಲ್ಲಿ ನಡೆಯಿತು. ಮಗಳು ಮನೆಗೆ ಬಂದವಳೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

"ಕೀಲಿ ಮೇಲೆ ಬೆರಳಿಟ್ಕೊಂಡು ಕಾದೆ. ಗಂಟೆ ಹೊಡೆದಾಗ ಪರದೆ ತಾನಾಗೇ ಹತ್ಕೊಳ್ಳುತ್ತೆ ಅಂದ್ಕೊಂಡೆ."

"ಯಾರನ್ನಾದ್ರೂ ಕೇಳ್ಬಾರ್ದಿತ್ತಾ, ಪುಟ್ಟಿ?"

"ಮಾತಾಡಿದ್ರೆ ಹೊರಗೆ ಹಾಕ್ತೀವಿ ಅಂದಿದ್ರು. ಟೈಮ್ ಮುಗಿಯೋಕೆ ಬಂದಾಗ ಒಬ್ಬ ಮೇಡಂ ನೋಡಿ, ಸ್ವಿಚ್ ಒತ್ತಿಲ್ವಾ ಅಂದ್ರು. ರಟ್ಟಿಗೆ ಸ್ವಿಚ್ ಇರ್ಲಿಲ್ವಲ್ಲಮ್ಮ."

ಮಗಳು ಫೇಲಾದಳು. ತರಗತಿಯ ಅರ್ಧ ಮಕ್ಕಳ ಕತೆಯೂ ಅದೇ. ಎರಡು ತಿಂಗಳಲ್ಲಿ ಮತ್ತೆ ಪರೀಕ್ಷೆ.

ಮರುವಾರ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಕಂಪ್ಯೂಟರ್ ಕೋಣೆಯ ಕುರ್ಚಿಯೊಂದರಲ್ಲಿ ಕೂತು ಗಡಿಯಾರ ನೋಡಿಕೊಂಡರು. ಹೆಡ್ಮಾಸ್ಟರು ಆಯಾಳನ್ನು ಕರೆಸಿದರು. ಪೋಷಕರ ಸಮಿತಿಗೆ ಅವಳನ್ನು ಸೇರಿಸಿಕೊಂಡಿದ್ದವರು ಅವರೇ, ಎದುರು ಮಾತಾಡುವವಳಲ್ಲ ಎಂದು.

"ಸಮಿತಿ ಪರವಾಗಿ ಇಲ್ಲೊಂದು ಸೈನ್ ಹಾಕಮ್ಮ."

"ಏನು ಬರೆದಿದೆ ಸಾರ್?"

"ಮಿಷನ್‌ಗಳೆಲ್ಲ ಚೆನ್ನಾಗಿವೆ, ಹೊಸದು ಬೇಕಾಗಿಲ್ಲ ಅಂತ. ಒರೆಸೋಳು ನೀನೇ. ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಸೈನ್ ಹಾಕಿದರೆ ಎರಡು ತಿಂಗಳೂ ಮಗಳಿಗೆ ಅದೇ ರಟ್ಟು. ಹಾಕದಿದ್ದರೆ ತನ್ನ ಕೆಲಸ ಹೋಗುತ್ತದೆ. ಆಯಾಗೆ ಎರಡೂ ಗೊತ್ತಿತ್ತು. ಕಿಟಕಿಯ ಆಚೆ ಹತ್ತನೆಯವರು ಇಣುಕುತ್ತಿದ್ದರು. ಅವಳ ಮಗಳೂ ಇದ್ದಳು, ಕಂಕುಳಲ್ಲಿ ರಟ್ಟು.

"ಹೌದು ಸಾರ್. ನನಗೇ ಗೊತ್ತಿರೋದು."

ಪೆನ್ನನ್ನು ಮೇಜಿನ ಮೇಲಿಟ್ಟಳು. ಬಗ್ಗಿ, ಒಂದೇ ಕೈಯಲ್ಲಿ ಒಂದು ಪೆಟ್ಟಿಗೆ ಎತ್ತಿ ಸಾಹೇಬರ ಮುಂದೆ ಹಿಡಿದಳು.

"ಸ್ವಲ್ಪ ಹಿಡ್ಕೊಳ್ಳಿ ಸಾರ್."

ಭಾರವಿರುತ್ತದೆಂದು ಬಿಗಿಹಿಡಿದ ಸಾಹೇಬರ ಕೈಗಳು ಪೆಟ್ಟಿಗೆ ಸಮೇತ ಎದೆಮಟ್ಟಕ್ಕೆ ಹಾರಿದವು. ಒಳಗೆ ಒಂದೇ ಒಂದು ತಿರುಪುಮೊಳೆ ಈ ತುದಿಯಿಂದ ಆ ತುದಿಗೆ ಉರುಳಿತು. ಕಿಟಕಿಯ ಆಚೆಗೂ ಕೇಳಿಸಿತು.

ಹೆಡ್ಮಾಸ್ಟರ ಮುಖ ಕಪ್ಪಿಟ್ಟಿತು. "ನಾಳೆಯಿಂದ ನೀನು ಕೆಲಸಕ್ಕೆ ಬರ್ಬೇಡ."

"ಆಯ್ತು ಸಾರ್," ಎಂದಳು ಆಯಾ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವತ್ತಿನ ಕೆಲಸ ಮುಗಿಸಿ ಹೋಗ್ತೀನಿ. ಇನ್ನೂ ಹನ್ನೊಂದಿವೆ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯದನ್ನು ಎತ್ತಿದಳು.